ಸತ್ಯಾಂಶ: ಮಳೆಯಲ್ಲಿ ಓಡಿದರೆ ಜಾಸ್ತಿ ನೆನೆಯುತ್ತೇವಾ?

ಮಳೆಗಾಲ ಶುರುವಾದರೆ ಸಾಕು, ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತುತ್ತದೆ: "ಮಳೆಯಲ್ಲಿ ಓಡಬೇಡಿ, ಎದುರಿನ ಹನಿಗಳೆಲ್ಲ ಮೈಗೆ ಬಡಿದು ಜಾಸ್ತಿ ಚಂಡಿಯಾಗುತ್ತೀರಿ." ಸೆಕೆಂಡಿನ ಲೆಕ್ಕದಲ್ಲಿ ನಿಜ. ಇಡೀ ದಾರಿಯ ಲೆಕ್ಕದಲ್ಲಿ ತಪ್ಪು.

ಬದಿಯಡ್ಕದಲ್ಲಿ ಬಸ್ಸಿಳಿದು ಎದುರಿನ ಅಂಗಡಿಗೆ ಹೋಗಬೇಕು ಅಂದುಕೊಳ್ಳಿ. ಗಾಳಿ ಇಲ್ಲ. ಎದೆಗೆ ತಗಲುವ ನೀರು ದಾರಿಯ ಉದ್ದಕ್ಕೆ ತಕ್ಕಷ್ಟು. ನಡೆದರೂ ಓಡಿದರೂ ಅಷ್ಟೇ. ತಲೆ, ಹೆಗಲ ಮೇಲೆ ಬೀಳುವುದು ಮಳೆಯಲ್ಲಿದ್ದ ಹೊತ್ತಿಗೆ ತಕ್ಕಷ್ಟು. ಓಡಿದರೆ ಹೊತ್ತು ಕಡಿಮೆ, ಅಲ್ವಾ?

ಅಮೆರಿಕದ ಇಬ್ಬರು ಹವಾಮಾನ ತಜ್ಞರು ಒಂದೇ ಬಗೆಯ ಬಟ್ಟೆ ತೊಟ್ಟು ಮಳೆಯಲ್ಲಿ 100 ಮೀಟರ್ ಹೋಗಿ, ಬಟ್ಟೆ ತೂಗಿ ನೋಡಿದ್ದರು. ಓಡಿದವರ ಬಟ್ಟೆ ಸುಮಾರು ಶೇ. 40 ಕಡಿಮೆ ನೀರು ಕುಡಿದಿತ್ತು. 1997ರಲ್ಲಿ ಅದು ಪ್ರಕಟವಾಯಿತು.

ಕೆಂಪುಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿದಿದ್ದರೆ ಮಾತ್ರ ಸುಮ್ನೆ ನಡೆಯಿರಿ.