‘ಬೇಡ’ ಅಂದರೂ ದುಡ್ಡು ಬರುತ್ತದೆ

ಪಕ್ಕದ ದೇಶ ತಾನೇ ಅಂತ ಹೊರಟವರೇ ಜಾಸ್ತಿ ದುಡ್ಡು ಕಳೆದುಕೊಳ್ಳುವುದು. ದೂರದ ದೇಶಕ್ಕಾದರೆ ತಿಂಗಳ ಮೊದಲೇ ಕರೆನ್ಸಿ, ಕಾರ್ಡು, ಸಿಮ್ಮು ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಪಕ್ಕದ್ದಾದರೆ ಬ್ಯಾಗ್ ಹೆಗಲಿಗೇರಿಸಿ ಬಸ್ ಹತ್ತಿಬಿಡುತ್ತೇವೆ. ನಾನೂ ಹಾಗೇ ಹೋದವಳು.

ಗಡಿ ದಾಟಿ ಮೊದಲು ಕಂಡ ಎಟಿಎಂಗೆ ಕಾರ್ಡ್ ಹಾಕಿದೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಎಷ್ಟು ಬೇಕು ಅಂತ ಒತ್ತಿದ ಮೇಲೆ ಪರದೆಯಲ್ಲಿ ಒಂದು ಪ್ರಶ್ನೆ ಬಂತು. ನಿಮ್ಮ ದೇಶದ ದುಡ್ಡಿನಲ್ಲಿ ಇದು ಇಷ್ಟಾಗುತ್ತದೆ, ಒಪ್ಪುತ್ತೀರಾ? ‘ಒಪ್ಪಿದೆ’ ಅನ್ನುವುದು ದೊಡ್ಡದಾಗಿ, ಹಸಿರು ಬಣ್ಣದಲ್ಲಿ. ‘ಬೇಡ’ ಅನ್ನುವುದು ಮೂಲೆಯಲ್ಲಿ, ಮಂಕಾಗಿ. ಬೇಡ ಅಂದರೆ ದುಡ್ಡೇ ಬರುವುದಿಲ್ಲವೇನೋ ಅಂತ ಹೆದರಿ ಹಸಿರು ಒತ್ತಿದೆ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ? ರೂಮಿಗೆ ಬಂದು ಚೀಟಿ ಬಿಡಿಸಿದರೆ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು: ಮಾರ್ಕಪ್ ಶೇ. 8. ಅಂದರೆ ನಿಜವಾದ ದರದ ಮೇಲೆ ಅಷ್ಟು ಹೆಚ್ಚು.

ಇದರ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಡಿಸಿಸಿ. ಒಪ್ಪಿದರೆ ಎಟಿಎಂ ಕಡೆಯವರು ತಮಗೆ ಬೇಕಾದ ದರ ಹಾಕಿಕೊಳ್ಳುತ್ತಾರೆ. ಬೇಡ ಅಂದರೂ ದುಡ್ಡು ಬಂದೇ ಬರುತ್ತದೆ. ಆಗ ವೀಸಾ, ಮಾಸ್ಟರ್‌ಕಾರ್ಡ್ ಥರದ ಕಾರ್ಡ್ ಕಂಪನಿಯ ದರದಲ್ಲಿ ಲೆಕ್ಕವಾಗಿ, ಅದರ ಮೇಲೆ ನಮ್ಮ ಬ್ಯಾಂಕಿನ ಶುಲ್ಕ ಸೇರುತ್ತದೆ. ಹೆಚ್ಚೂಕಡಿಮೆ ಯಾವಾಗಲೂ ಇದೇ ಅಗ್ಗ. ಇನ್ನೊಂದು ತಮಾಷೆ ಕೇಳಿ: ಡಿಸಿಸಿ ಒಪ್ಪಿಕೊಂಡ ಮೇಲೂ ಕೆಲವು ಬ್ಯಾಂಕುಗಳು ವಿದೇಶಿ ವ್ಯವಹಾರದ ಶುಲ್ಕ ಹಾಕುತ್ತವೆ. ಎರಡೂ ಕಡೆಯಿಂದ ಪೆಟ್ಟು. ಯುರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಈ ಮಾರ್ಕಪ್ ಎಷ್ಟು ಅಂತ ಮೊದಲೇ ತೋರಿಸಬೇಕು ಅನ್ನುವ ನಿಯಮವಿದೆ. ತೋರಿಸಿದರೂ ಅವಸರದಲ್ಲಿ ಓದುವವರು ಯಾರು, ಅದು ಬೇರೆ ಮಾತು.

ಅಂಗಡಿಗಳಲ್ಲೂ ಇದೇ ಕಥೆ. ಮೆಷಿನ್ ನಮ್ಮ ಕೈಗೆ ಬರುವ ಮೊದಲೇ ಯಾರೋ ಒತ್ತಿ ಮುಗಿಸಿರುತ್ತಾರೆ. ಕಾರ್ಡ್ ಕಂಪನಿಗಳ ನಿಯಮದ ಪ್ರಕಾರ ಗಿರಾಕಿಯನ್ನು ಕೇಳಲೇಬೇಕು. ಚೀಟಿಯಲ್ಲಿ ನಮ್ಮ ದೇಶದ ಕರೆನ್ಸಿ ಕಂಡರೆ ‘ಕ್ಯಾನ್ಸಲ್ ಮಾಡಿ, ಇಲ್ಲಿನ ದುಡ್ಡಲ್ಲೇ ಹಾಕಿ’ ಅನ್ನಿ. ಮುಖ ಸಿಂಡರಿಸಿದರೆ ಸಿಂಡರಿಸಲಿ.

ದುಡ್ಡು ಬದಲಾಯಿಸುವ ಅಂಗಡಿಯ ‘ಕಮಿಷನ್ ಇಲ್ಲ’ ಬೋರ್ಡನ್ನು ನಾನಂತೂ ನಂಬುವುದಿಲ್ಲ. ಕಮಿಷನ್ ದರದೊಳಗೇ ಕೂತಿರುತ್ತದೆ. ಬೋರ್ಡಿನಲ್ಲಿ ಕೊಳ್ಳುವ ದರ, ಮಾರುವ ದರ ಎರಡನ್ನೂ ನೋಡಿ. ಒಂದು 94, ಇನ್ನೊಂದು 106 ಅಂತಿದ್ದರೆ, ಬೆಳಿಗ್ಗೆ ಬದಲಾಯಿಸಿ ಸಂಜೆ ವಾಪಸ್ ಮಾಡಿದವರಿಗೆ 100ಕ್ಕೆ 89 ಕೂಡ ಸಿಗುವುದಿಲ್ಲ. ಎರಡರ ನಡುವೆ ಅಂತರ ಕಡಿಮೆ ಇರುವ ಅಂಗಡಿ ಹುಡುಕಬೇಕು. ಗಡಿಯಲ್ಲಿ, ವಿಮಾನ ನಿಲ್ದಾಣದಲ್ಲಿ ಅಂಥದ್ದು ಸಿಗುವುದು ಅಪರೂಪ. ಮೊದಲ ದಿನದ ಓಡಾಟಕ್ಕೆ ಸಾಲುವಷ್ಟು ಬದಲಾಯಿಸಿ, ಉಳಿದದ್ದನ್ನು ಊರೊಳಗೆ ನೋಡಿಕೊಳ್ಳಿ.

ನೆರೆಹೊರೆಯ ದೇಶಗಳ ನಡುವೆ ಒಂದು ವಿಚಿತ್ರ ಇದೆ. ಕೆಲವು ಕಡೆ ದರ ಕಟ್ಟಿಹಾಕಿದ ಹಾಗೆ ನಿಂತಿರುತ್ತದೆ. 1993ರಿಂದ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಬ್ರೂನೈ ಡಾಲರ್ ಮತ್ತು ಸಿಂಗಪುರ ಡಾಲರ್ 1967ರಿಂದ ಸಮಸಮ. ಹಾಗಂತ ಸಮ ಇದ್ದದ್ದೆಲ್ಲ ಎರಡೂ ಕಡೆ ಓಡುತ್ತದೆ ಅಂತಲ್ಲ. ದಕ್ಷಿಣ ಆಫ್ರಿಕಾದ ರ‍್ಯಾಂಡ್ ನಮೀಬಿಯಾದಲ್ಲಿ ಸಲೀಸಾಗಿ ಓಡುತ್ತದೆ, ಬೆಲೆಯೂ ಒಂದಕ್ಕೊಂದು. ಆದರೆ ಚಿಲ್ಲರೆಯಾಗಿ ಬಂದ ನಮೀಬಿಯಾ ಡಾಲರ್ ಹಿಡಿದು ದಕ್ಷಿಣ ಆಫ್ರಿಕಾಕ್ಕೆ ಮರಳಿದರೆ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ. ಇಂಥ ಕಡೆ ವಾಪಸ್ ಹೊರಡುವ ಮೊದಲೇ ಪರ್ಸ್ ಖಾಲಿ ಮಾಡಬೇಕು.

ಎಟಿಎಂ ಪ್ರತಿ ಸಲಕ್ಕೆ ಇಷ್ಟು ಅಂತ ಕತ್ತರಿಸುವುದಾದರೆ ಚೂರುಚೂರು ತೆಗೆಯಬೇಡಿ, ಒಂದೇ ಸಲ ತೆಗೆಯಿರಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆಯುವುದಂತೂ ಬೇಡವೇ ಬೇಡ, ಸಾಮಾನ್ಯವಾಗಿ ಅವತ್ತಿಂದಲೇ ಬಡ್ಡಿ ಶುರು.

ಫೋನು ಇನ್ನೊಂದು ಕಳ್ಳ. ಗಡಿ ಹತ್ತಿರ ನೀವಿನ್ನೂ ಈಚೆ ಇದ್ದರೂ ಅದು ಆಚೆಯ ಟವರ್ ಹಿಡಿದಿರುತ್ತದೆ. ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ರೋಮಿಂಗ್ ಶುಲ್ಕ 2017ರ ಜೂನ್‌ನಲ್ಲೇ ಹೋಯಿತು. ಆದರೆ ನಡುವೆಯೇ ಇರುವ ಸ್ವಿಟ್ಜರ್ಲೆಂಡ್ ಆ ನಿಯಮಕ್ಕೆ ಸೇರಿಲ್ಲ. ರೈಲು ಅರ್ಧ ಗಂಟೆ ಆ ಕಡೆ ಹಾದುಹೋದರೂ ಸಾಕು, ಫೋಟೊಗಳು ಸದ್ದಿಲ್ಲದೆ ಕ್ಲೌಡಿಗೆ ಏರುತ್ತಾ ಬಿಲ್ ಬೆಳೆಯಬಹುದು. ಡೇಟಾ ರೋಮಿಂಗ್ ಆಫ್ ಮಾಡಿ, ನೆಟ್‌ವರ್ಕನ್ನು ಆಟೊಮ್ಯಾಟಿಕ್‌ಗೆ ಬಿಡದೆ ನೀವೇ ಆರಿಸಿ.

ಕೊನೆಗೆ ಉಳಿಯುವುದು ನಾಣ್ಯ. ಬದಲಾಯಿಸುವ ಅಂಗಡಿಗಳು ಸಾಮಾನ್ಯವಾಗಿ ನೋಟು ಮಾತ್ರ ತೆಗೆದುಕೊಳ್ಳುತ್ತವೆ. ಹೋದ ಸಲ ಹೋಟೆಲ್ ಬಿಡುವಾಗ ಭಾವ ಇದ್ದಬದ್ದ ನಾಣ್ಯವನ್ನೆಲ್ಲ ಕೌಂಟರ್ ಮೇಲೆ ಸುರಿದು, ‘ಇದನ್ನು ಎಣಿಸಿಕೊಳ್ಳಿ, ಮಿಕ್ಕಿದ್ದಕ್ಕೆ ಕಾರ್ಡ್ ಉಜ್ಜಿ’ ಅಂದರು. ನಾನು ನಾಚಿಕೆಯಿಂದ ಬಾಗಿಲ ಹತ್ತಿರ ಹೋಗಿ ನಿಂತೆ. ಅಲ್ಲಿದ್ದ ಹುಡುಗಿ ಮಾತ್ರ ಖುಷಿಯಾಗಿ ಎಣಿಸಿದಳು, ಅವಳಿಗೆ ಬೆಳಿಗ್ಗೆಯಿಂದ ಚಿಲ್ಲರೆ ಸಿಕ್ಕಿರಲಿಲ್ಲವಂತೆ.