ಆರ್‌ಡಿ ನಂಬರು, ಟೆಕ್ಸಾಸಿನ ಟಾಪ್ ಟೆನ್ನು, ಮತ್ತೆ ನಮ್ಮೂರಿನ ಸೀಟು

ಟೆಕ್ಸಾಸಿನಲ್ಲಿರುವ ನಮ್ಮ ಕನ್ನಡದವರ ನಡುವೆ ಫೆಬ್ರವರಿ ಮಾರ್ಚಿ ಬಂತು ಅಂದ್ರೆ ಬೇರೆ ಮಾತೇ ಇಲ್ಲ, ಯಾರ ಮಗನಿಗೆ ಅಲ್ಲಿನ ದೊಡ್ಡ ಸರ್ಕಾರಿ ಯೂನಿವರ್ಸಿಟಿ ಯುಟಿ ಆಸ್ಟಿನ್ ಸಿಕ್ತು, ಯಾರ ಮಗಳಿಗೆ ಸಿಗ್ಲಿಲ್ಲ, ಅಷ್ಟೇ. ಸಿಗದವರು ಹೇಳುದು ಯಾವಾಗ್ಲೂ ಒಂದೇ, ನಮ್ಮವನಿಗೆ ಸ್ಯಾಟ್ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ 1500ರ ಮೇಲೆ ಬಂದಿದೆ ಆದ್ರೂ ಇಲ್ಲ, ಎಲ್ಲೋ ಹತ್ತಿ ಬೆಳೆಯುವ ಊರಿನ ಹೈಸ್ಕೂಲಿನ ಹುಡುಗ ಕಮ್ಮಿ ಸ್ಕೋರು ಇಟ್ಕೊಂಡು ಒಳಗೆ ಹೋದ, ಇದೆಂತ ನ್ಯಾಯ ಮಾರಾಯ್ರೆ ಅಂತ. ನನಗೆ ನಗು ಬರ್ತದೆ. ಹೀಗೆ ಹೇಳುವವರಲ್ಲಿ ಸುಮಾರು ಜನ ಸಿಇಟಿಯಲ್ಲಿ ಗ್ರಾಮೀಣ ಕೋಟಾದಲ್ಲೋ ಕನ್ನಡ ಮೀಡಿಯಂ ಕೋಟಾದಲ್ಲೋ ಸೀಟು ತಕ್ಕೊಂಡು ಮೇಲೆ ಬಂದವರೇ, ನಾನೂ ಸೇರಿ.

ಆ ಟೆಕ್ಸಾಸಿನ ಕಾನೂನು ಎಂತ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೇನೆ. 1996ರಲ್ಲಿ ಹಾಪ್‌ವುಡ್ ಅನ್ನುವ ಕೇಸಿನಲ್ಲಿ ಅಲ್ಲಿನ ಫೆಡರಲ್ ಕೋರ್ಟು ಅಡ್ಮಿಶನ್ ಕೊಡುವಾಗ ಜನಾಂಗ ನೋಡ್ಬಾರ್ದು ಅಂತ ಹೇಳಿತು. ಮರುವರ್ಷವೇ ಅಲ್ಲಿನ ಶಾಸಕರು ಒಂದು ಉಪಾಯ ತೆಗ್ದರು, ರಾಜ್ಯದ ಯಾವ ಹೈಸ್ಕೂಲೇ ಆಗ್ಲಿ, ಅದರ ಕ್ಲಾಸಿನ ಮೇಲಿನ ಹತ್ತು ಪರ್ಸೆಂಟಿನೊಳಗೆ ಬಂದವರಿಗೆ ಸರ್ಕಾರಿ ಯೂನಿವರ್ಸಿಟಿಯಲ್ಲಿ ಸೀಟು ಗ್ಯಾರಂಟಿ. ಆಸ್ಟಿನ್‌ಗೆ ಮಾತ್ರ ರಶ್ ತಡೀಲಿಕ್ಕಾಗದೆ 2009ರಲ್ಲಿ ಮಿತಿ ಹಾಕಿದ್ರು, ಹತ್ತು ಅಂತ ಇದ್ದದ್ದು ಇಳಿದು ಇಳಿದು ಆರಕ್ಕೆ ಬಂತು, 2026ರ ಬ್ಯಾಚಿಗೆ ಐದೇ ಪರ್ಸೆಂಟ್. ಮತ್ತೆ ಯೂನಿವರ್ಸಿಟಿಗೆ ಮಾತ್ರ ಗ್ಯಾರಂಟಿ, ಕಂಪ್ಯೂಟರ್ ಸೈನ್ಸೇ ಸಿಗ್ತದೆ ಅಂತ ಇಲ್ಲ. ಆದ್ರೂ ಇದರಲ್ಲಿ ನನಗೆ ಇಷ್ಟ ಆದದ್ದು ಏನಂದ್ರೆ ಹುಡುಗನನ್ನು ಅವನ ಕ್ಲಾಸಿನವರ ಜೊತೆ ಹೋಲಿಸ್ತಾರೆ, ಅದೇ ಮೇಷ್ಟ್ರು ಅದೇ ಬೆಂಚು ಅದೇ ಲೈಬ್ರರಿ ಇದ್ದವರ ನಡುವೆ ಯಾರು ಮುಂದೆ ಅಂತ ನೋಡ್ತಾರೆ. ಪ್ಲೇನೋ ಫ್ರಿಸ್ಕೋ ಕಡೆಯ ದೊಡ್ಡ ದೊಡ್ಡ ಶಾಲೆಗಳ ಹತ್ರ ಮನೆ ತಕ್ಕೊಂಡ ನಮ್ಮವರಿಗೆ ಇದೇ ಕಷ್ಟ, ಅಲ್ಲಿ ಎಲ್ಲರೂ ಓದುವವರೇ, ಹಾಗಾಗಿ ಐದು ಪರ್ಸೆಂಟಿನೊಳಗೆ ಬರುದು ಅಂದ್ರೆ ಅಷ್ಟು ಸುಲಭ ಇಲ್ಲ.

ಈಗ ಊರಿಗೆ ಬನ್ನಿ. ಪಿಯು ರಿಸಲ್ಟ್ ಅಂದ್ರೆ ದಕ್ಷಿಣ ಕನ್ನಡ ಮತ್ತೆ ಉಡುಪಿ, 2023, 24, 25 ಮೂರೂ ವರ್ಷ ಮೊದಲ ಎರಡು ಸ್ಥಾನ ಈ ಎರಡು ಜಿಲ್ಲೆ ಬಿಟ್ಟು ಹೋಗಲೇ ಇಲ್ಲ. ಪೇಪರಿನಲ್ಲಿ ಬುದ್ಧಿವಂತರ ಜಿಲ್ಲೆ ಅಂತ ದೊಡ್ಡಕ್ಷರದಲ್ಲಿ ಬರ್ತದೆ, ಓದಿ ಖುಷಿ ಆಗ್ತದೆ ಇಲ್ಲ ಅಂತ ಹೇಳುದಿಲ್ಲ. ಆದ್ರೆ ಫ್ಲೆಕ್ಸಿನಲ್ಲಿ ಫೋಟೋ ಇರುವ ಆ ಮಕ್ಕಳು ಯಾರು ಅಂತ ಒಮ್ಮೆ ನೋಡಿ. ಬೀದರು, ವಿಜಯಪುರ, ಚಿತ್ರದುರ್ಗ, ಹಾಸನ ಅಂತ ರಾಜ್ಯದ ಎಲ್ಲ ಮೂಲೆಯಿಂದ ಬಂದು ಇಲ್ಲಿನ ರೆಸಿಡೆನ್ಶಿಯಲ್ ಪಿಯು ಕಾಲೇಜುಗಳಲ್ಲಿ ಎರಡು ವರ್ಷ ಇಂಟಿಗ್ರೇಟೆಡ್ ಕೋಚಿಂಗ್ ತಕ್ಕೊಂಡವರು ಅದರಲ್ಲಿ ಎಷ್ಟೋ ಜನ, ಹಾಸ್ಟೆಲು ಕೋಚಿಂಗು ಎಲ್ಲ ಸೇರಿ ವರ್ಷಕ್ಕೆ ಲಕ್ಷಗಟ್ಟಲೆ. ಅವರದ್ದೇನೂ ತಪ್ಪಿಲ್ಲ, ಅಪ್ಪ ಅಮ್ಮ ಸಾಲ ಮಾಡಿ ಕಳಿಸಿದವರೂ ಇದ್ದಾರೆ. ಆದ್ರೆ ಅದೇ ಜಿಲ್ಲೆಯಲ್ಲಿ ಬೈಂದೂರಿನದ್ದೋ ಹೆಬ್ರಿಯದ್ದೋ ಸರ್ಕಾರಿ ಪಿಯು ಕಾಲೇಜಿನಲ್ಲಿ ಓದುವ ಹುಡುಗಿ ಉಂಟಲ್ಲ, ಫಿಸಿಕ್ಸಿಗೆ ಗೆಸ್ಟ್ ಲೆಕ್ಚರರು ಆಗಸ್ಟಿನಲ್ಲಿ ಬಂದ್ರೆ ಪುಣ್ಯ ಅನ್ನುವ ಕಾಲೇಜು, ಅವಳೂ ಅದೇ ಸಿಇಟಿ ಬರೀಬೇಕು ಅದೇ ರ‍್ಯಾಂಕ್ ಲಿಸ್ಟಿನಲ್ಲಿ ಬರ್ಬೇಕು. ಇಂಜಿನಿಯರಿಂಗಿಗೆ ಅರ್ಧ ಪಿಯು ಮಾರ್ಕು ಅರ್ಧ ಸಿಇಟಿ ಮಾರ್ಕು, ಎರಡರಲ್ಲೂ ಕೋಚಿಂಗ್ ಇದ್ದವನೇ ಮುಂದೆ.

ರ‍್ಯಾಂಕ್ ಲಿಸ್ಟಿನ ಮೇಲೆ ನನಗೆ ಸಿಟ್ಟಿಲ್ಲ, ಅದು ಬೇರೆ ವಿಷಯ. ಕಂಪ್ಯೂಟರಿಗೆ ಯಾರ ಪರಿಚಯವೂ ಇಲ್ಲ, ಯಾರ ಫೋನೂ ಹೋಗುದಿಲ್ಲ, ಅದು ಸಣ್ಣ ಮಾತಲ್ಲ. ಸಿಇಟಿಗಿಂತ ಮುಂಚೆ ನಮ್ಮ ರಾಜ್ಯ ಹೇಗಿತ್ತು ಅಂತ ದೊಡ್ಡವರನ್ನು ಕೇಳಿ, ಕ್ಯಾಪಿಟೇಶನ್ ಫೀ ಅನ್ನುದು ದೇಶಕ್ಕೆಲ್ಲ ಗೊತ್ತಾದದ್ದೇ ನಮ್ಮಿಂದ. 1984ರಲ್ಲೇ ಅದಕ್ಕೆ ವಿರುದ್ಧ ಕಾಯ್ದೆ ಬಂತು, ಆದ್ರೂ ನಿಲ್ಲಲಿಲ್ಲ. 1992ರ ಮೋಹಿನಿ ಜೈನ್ ಕೇಸಿನಲ್ಲಿ ಖಾಸಗಿ ಮೆಡಿಕಲ್ ಕಾಲೇಜಿನ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ಇದ್ರೆ ಹೊರರಾಜ್ಯದವರಿಗೆ 60,000 ಅಂತ ಇತ್ತು, ಸುಪ್ರೀಂ ಕೋರ್ಟು ಇದು ಆಗ್ಲಿಕ್ಕಿಲ್ಲ ಅಂತು. ಮರುವರ್ಷ ಉನ್ನಿಕೃಷ್ಣನ್ ಕೇಸಿನಲ್ಲಿ ಅರ್ಧ ಫ್ರೀ ಸೀಟು ಅರ್ಧ ಪೇಮೆಂಟ್ ಸೀಟು ಅಂತಾಯ್ತು, ಅದರ ಹಿಂದೆಯೇ 1994ರಲ್ಲಿ ಸಿಇಟಿ ಬಂತು, ಕೂಲಿ ಮಾಡುವವರ ಮಕ್ಕಳು ಡಾಕ್ಟರಾದದ್ದು ಆಗ. ಮತ್ತೆ 2002ರಲ್ಲಿ ಹನ್ನೊಂದು ಜಡ್ಜುಗಳ ಪೀಠ ಆ ಫ್ರೀ ಸೀಟು ಸ್ಕೀಮನ್ನು ತೆಗೆದುಹಾಕಿತು, ಆ ಕೇಸಿನ ಹೆಸರೇ ಟಿಎಂಎ ಪೈ ಫೌಂಡೇಶನ್, ನಮ್ಮ ಮಣಿಪಾಲದ್ದು. ಎಲ್ಲ ಜಗಳದ ಕೊನೆಗೆ ಈಗ ಖಾಸಗಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಾಮಾನ್ಯವಾಗಿ 45 ಪರ್ಸೆಂಟ್ ಸೀಟು ಸಿಇಟಿಗೆ, 30 ಖಾಸಗಿ ಕಾಲೇಜುಗಳದ್ದೇ ಪರೀಕ್ಷೆಯಾದ ಕಾಮೆಡ್‌ಕೆಗೆ, ಉಳಿದ 25 ಮ್ಯಾನೇಜ್‌ಮೆಂಟು ಮತ್ತೆ ಎನ್‌ಆರ್‌ಐ.

ನನ್ನ ತಕರಾರು ಇಲ್ಲೇ ಶುರು ಆಗುದು. ಕಡಿಮೆ ಆದಾಯದವರಿಗೆ ಅಂತ ಇರುವ ಎಸ್‌ಎನ್‌ಕ್ಯೂ ಸೀಟಿಗೆ, ಅಂದ್ರೆ ಕಾಲೇಜಿನ ಸೀಟಿನ ಮೇಲೆ ಹೆಚ್ಚುವರಿ ಐದು ಪರ್ಸೆಂಟು ಉಂಟಲ್ಲ ಅದಕ್ಕೆ, ಮನೆಯ ಆದಾಯ 8 ಲಕ್ಷದೊಳಗೆ ಅಂತ ನಾಡಕಚೇರಿಯ ಸರ್ಟಿಫಿಕೇಟ್ ಬೇಕು, ಅದರ ಮೇಲಿರುವ ಆರ್‌ಡಿ ನಂಬರು ಸರಿ ಹಾಕ್ಬೇಕು, ಹೆಸರಿನ ಸ್ಪೆಲ್ಲಿಂಗ್ ಎಸ್ಸೆಸ್ಸೆಲ್ಸಿ ಕಾರ್ಡಿಗೆ ತಾಳೆ ಆಗ್ಬೇಕು, ಒಂದು ಅಕ್ಷರ ಆಚೆ ಈಚೆ ಆದ್ರೆ ಅಪ್ಪ ರಿಕ್ಷಾ ನಿಲ್ಲಿಸಿ ತಾಲೂಕು ಆಫೀಸಿಗೆ ಓಡ್ಬೇಕು. ಪಕ್ಕದ ಆ 25 ಪರ್ಸೆಂಟಿಗೆ ಬರುವವನ ಹತ್ರ ಯಾರಾದ್ರೂ ಎಂತಾದ್ರೂ ಸರ್ಟಿಫಿಕೇಟ್ ಕೇಳ್ತಾರಾ? ಅಪ್ಪನ ದುಡ್ಡು ಎಲ್ಲಿಂದ ಬಂತು ಅಂತ ಯಾರಿಗೂ ಬೇಡ. ಆದ್ರೆ ಊರಲ್ಲಿ ಜಗುಲಿ ಮೇಲೆ ಕೂತು ಮಾತಾಡುದು ಮಾತ್ರ ಆ ಅಡಿಕೆ ತೋಟದವನು ಇನ್ಕಂ ಸರ್ಟಿಫಿಕೇಟಿನಲ್ಲಿ ನಲ್ವತ್ತು ಸಾವಿರ ಅಂತ ಬರೆಸಿದ್ದಾನೆ ನೋಡಿ ಅಂತ. ಸುಳ್ಳು ಅಂತ ಹೇಳುದಿಲ್ಲ. ಸಂಬಳದವನದ್ದು ಸ್ಲಿಪ್ಪಿನಲ್ಲಿ ಇರ್ತದೆ, ಅಡಗಿಸ್ಲಿಕ್ಕೆ ಬರುದಿಲ್ಲ, ತೋಟ ವ್ಯಾಪಾರ ಇದ್ದವನದ್ದು ವಿಎ, ಅಂದ್ರೆ ಗ್ರಾಮ ಆಡಳಿತಾಧಿಕಾರಿ, ಬರೆದದ್ದೇ ಲೆಕ್ಕ. ಆದ್ರೆ ಕಳ್ಳ ಬಡವನನ್ನು ಹಿಡಿಯುವ ಉತ್ಸಾಹದ ಕಾಲು ಭಾಗ ಆ ಮ್ಯಾನೇಜ್ಮೆಂಟ್ ಸೀಟಿನ ಬಾಗಿಲಿನ ಕಡೆಗೂ ಇದ್ದಿದ್ರೆ ಆಗ್ತಿತ್ತು.

ಅಮೆರಿಕದಲ್ಲೂ ಇದೇ ಕತೆ ಅಂದ್ರೆ ನಂಬುದಿಲ್ಲ ನೀವು. ಅಲ್ಲಿ ಕ್ವೆಸ್ಟ್‌ಬ್ರಿಡ್ಜ್ ಅಂತ ಒಂದು ಪ್ರೋಗ್ರಾಂ ಉಂಟು, ನಾಲ್ಕು ಜನರ ಮನೆಗೆ ವರ್ಷಕ್ಕೆ 65,000 ಡಾಲರಿಗಿಂತ ಕಮ್ಮಿ ಇದ್ದವರು ಸಾಮಾನ್ಯವಾಗಿ ಹಾಕುದು. ಹುಡುಗ ತನಗೆ ಬೇಕಾದ ಹದಿನೈದು ಕಾಲೇಜಿನವರೆಗೆ ಸಾಲಾಗಿ ಬರೀಬಹುದು, ನಮ್ಮ ಸಿಇಟಿಯ ಆಪ್ಶನ್ ಎಂಟ್ರಿ ಹಾಗೆಯೇ, ಡಿಸೆಂಬರ್ ಶುರುವಿನಲ್ಲಿ ಮ್ಯಾಚ್ ಆಯ್ತು ಅಂದ್ರೆ ನಾಲ್ಕು ವರ್ಷದ ಟ್ಯೂಷನ್ ಫೀಸು, ಹಾಸ್ಟೆಲು, ಊಟ, ಪುಸ್ತಕ, ಊರಿಗೆ ಹೋಗಿಬರುವ ಖರ್ಚು ಎಲ್ಲ ಅವರದ್ದೇ. ಅರ್ಜಿ ಹಾಕುವವರು ಇಪ್ಪತ್ತು ಸಾವಿರಕ್ಕೂ ಮೇಲೆ, ಮ್ಯಾಚ್ ಆಗುವವರು ಎರಡು ಸಾವಿರ ಚಿಲ್ಲರೆ. ಸಿಗದ ಮಕ್ಕಳು, ಅವರ ತಂದೆ ತಾಯಿ ಹೇಳುದು ಕೇಳಿದ್ರೆ ನಮ್ಮ ಜಗುಲಿಯೇ ನೆನಪಾಗ್ತದೆ, ಅವನ ಅಪ್ಪನಿಗೆ ಸ್ವಂತ ಬಿಸಿನೆಸ್ಸು, ಟ್ಯಾಕ್ಸಿನಲ್ಲಿ ಕಮ್ಮಿ ತೋರಿಸ್ತಾನೆ, ಇವಳ ಅಪ್ಪ ಅಮ್ಮ ಬೇರೆ ಆಗಿದ್ದಾರೆ ಅಪ್ಪನ ದುಡ್ಡು ಲೆಕ್ಕಕ್ಕೆ ಬರ್ಲಿಲ್ಲ, ಅವನು ಓದಿದ್ದು ಪ್ರೈವೇಟ್ ಶಾಲೆ ಅವನೆಂತ ಬಡವ ಅಂತ. ಅದೇ ಹೊತ್ತಿಗೆ ಅಪ್ಪ ಓದಿದ ಕಾಲೇಜು ಅಂತ ಮಗನಿಗೆ ಸುಲಭದಲ್ಲಿ ಸೀಟು ಕೊಡುವ ಲೆಗಸಿ ಪದ್ಧತಿ ಹಾರ್ವರ್ಡಿನಂಥ ಕಡೆ ಇನ್ನೂ ಉಂಟು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತೆ ಅವರ ಜೊತೆಯವರು 2023ರಲ್ಲಿ ತೋರಿಸಿದ್ರು, ಒಂದೇ ಸ್ಯಾಟ್ ಸ್ಕೋರು ಇದ್ರೂ ಅತಿ ಶ್ರೀಮಂತ ಒಂದು ಪರ್ಸೆಂಟ್ ಮನೆಯ ಮಕ್ಕಳಿಗೆ ಆ ದೊಡ್ಡ ಕಾಲೇಜುಗಳಲ್ಲಿ ಸೀಟು ಸಿಗುವ ಸಾಧ್ಯತೆ ಮಧ್ಯಮ ವರ್ಗದ ಮಕ್ಕಳಿಗಿಂತ ಎರಡು ಪಟ್ಟಿಗೂ ಜಾಸ್ತಿ. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ ಖಾಸಗಿ ಕಾಲೇಜಿನಲ್ಲೂ ಲೆಗಸಿ ಬೇಡ ಅಂತು.

ಬಡತನ ತೋರಿಸುವ ರೀತಿ ಮಾತ್ರ ಎರಡು ಕಡೆ ಪೂರ್ತಿ ಬೇರೆ. ನಮ್ಮಲ್ಲಿ ಒಂದು ಕಾಗದ, ಒಂದು ಗೆರೆ, ಗೆರೆಯ ಈಚೆ ಇದ್ರೆ ಬಡವ ಆಚೆ ಇದ್ರೆ ಅಲ್ಲ, ಮತ್ತೆ ಆ ಕಾಗದಕ್ಕೆ ಐದು ವರ್ಷ ಆಯುಸ್ಸು, ನಡುವಲ್ಲಿ ಅಪ್ಪನ ಗಲ್ಫಿನ ಕೆಲಸ ಹೋದ್ರೂ ಅದಕ್ಕೆ ಗೊತ್ತಾಗುದಿಲ್ಲ, ಗಲ್ಫಿನಲ್ಲಿ ಕೆಲಸ ಸಿಕ್ಕಿದ್ರೂ ಗೊತ್ತಾಗುದಿಲ್ಲ. ಸುರತ್ಕಲ್ಲಿನ ಎನ್‌ಐಟಿಕೆಯದ್ದು ಇದಕ್ಕಿಂತ ವಾಸಿ, ಆದಾಯ 1 ಲಕ್ಷದೊಳಗೆ ಇದ್ರೆ ಟ್ಯೂಷನ್ ಫೀಸು ಪೂರ್ತಿ ಮಾಫಿ, 1ರಿಂದ 5 ಲಕ್ಷದವರೆಗೆ ಮೂರರಲ್ಲಿ ಎರಡು ಭಾಗ, ಮೆಟ್ಟಿಲಾದ್ರೂ ಉಂಟು. ಅಮೆರಿಕದಲ್ಲಿ ಎರಡು ವರ್ಷ ಹಿಂದಿನ ಟ್ಯಾಕ್ಸ್ ಲೆಕ್ಕ ಕೇಳ್ತಾರೆ, ಅದೂ ಹಳತೇ, ಆದ್ರೆ ಕೆಲಸ ಹೋಯ್ತು ಅಂತ ಕಾಗದ ತೋರಿಸಿದ್ರೆ ಕಾಲೇಜಿನ ಆಫೀಸಿನವರು ಮತ್ತೆ ಲೆಕ್ಕ ಹಾಕ್ಬಹುದು. ಖಾಸಗಿ ಕಾಲೇಜುಗಳು ಮನೆಯ ಬೆಲೆ, ಉಳಿತಾಯ ಅಂತ ಒಂದೊಂದನ್ನೂ ಕೆದಕಿ ಕೇಳ್ತವೆ. ಅಷ್ಟು ಸಾಲದು ಅಂತ ಹುಡುಗ ತನ್ನ ಕಷ್ಟದ ಬಗ್ಗೆ ಎಸ್ಸೇ ಬರೀಬೇಕು. ಇದು ನನಗೆ ಸುತರಾಂ ಹಿಡಿಸುದಿಲ್ಲ. ಹದಿನೇಳು ವರ್ಷದ ಹುಡುಗಿ ಅಪ್ಪ ಕುಡೀತಾನೆ, ಅಮ್ಮ ಎರಡು ಕಡೆ ಕೆಲಸಕ್ಕೆ ಹೋಗ್ತಾಳೆ ಅಂತ ಗುರ್ತಿಲ್ಲದವರಿಗೆ ಚಂದ ಮಾಡಿ ಬರೀಬೇಕು, ಚಂದ ಬರೆದವಳಿಗೆ ಸೀಟು. ನಮ್ಮ ಕಡೆ ಮನೆಯ ಮರ್ಯಾದೆ ಅಂತ ಒಂದು ಉಂಟಲ್ಲ, ನಮ್ಮ ಮಕ್ಕಳಿಗೆ ಹಾಗೆ ಬರೆ ಅಂದ್ರೆ ಕಾಗದ ಖಾಲಿ ಕೊಟ್ಟು ಬರ್ತಾರೆ. ಸಿಇಟಿ ಅಷ್ಟರ ಮಟ್ಟಿಗೆ ಮರ್ಯಾದಸ್ಥ ಪರೀಕ್ಷೆ.

ಇವೆರಡಕ್ಕಿಂತ ಚಲೋ ಒಂದು ದಾರಿ ಉಡುಪಿಯಲ್ಲೇ ಉಂಟು. ಯಕ್ಷಗಾನ ಕಲಾರಂಗ ಸಂಸ್ಥೆಯವರು ಬಡ ಮಕ್ಕಳ ಓದಿಗೆ ಸಹಾಯ ಮಾಡುವ ವಿದ್ಯಾಪೋಷಕ್ ಗೊತ್ತಿಲ್ಲದವರು ನಮ್ಮ ಕಡೆ ಕಮ್ಮಿ. ಪಿಯುಸಿಗೆ ಸೇರಿದ ಬಡ ಮಕ್ಕಳಿಂದ ಅರ್ಜಿ ತಕ್ಕೊಳ್ತಾರೆ, ಮತ್ತೆ ಕಾರ್ಯಕರ್ತರು ಸೀದಾ ಮನೆಗೇ ಹೋಗ್ತಾರೆ. ಮಾಡು ಸೋರ್ತದಾ, ಕರೆಂಟು ಉಂಟಾ, ಮನೆಯಲ್ಲಿ ಯಾರಾದ್ರೂ ಕಾಯಿಲೆಯವರು ಮಲಗಿದ್ದಾರಾ ಅಂತ ಕಣ್ಣಿಗೆ ಕಾಣ್ತದೆ. ಹಾಗೆ ಹೋಗಿ ನೋಡಿದ್ದರಿಂದಲೇ ಎಷ್ಟೋ ಮಕ್ಕಳಿಗೆ ದಾನಿಗಳ ಕೈಯಿಂದ ಮನೆಯನ್ನೇ ಕಟ್ಟಿಸಿ ಕೊಟ್ಟಿದ್ದಾರೆ. ಯಾವ ಆರ್‌ಡಿ ನಂಬರಿನಲ್ಲಿ ಮಾಡು ಸೋರುದು ಕಾಣ್ತದೆ ಹೇಳಿ? ಇದರಲ್ಲೂ ಒಂದು ಮಾತು ಉಂಟು, ನೋಡುವವರ ಕಣ್ಣಿನ ಮೇಲೆ ಹೋಗ್ತದೆ, ಮತ್ತೆ ಕರ್ನಾಟಕ ಇಡೀ ಹೀಗೆ ಮನೆಮನೆಗೆ ಹೋಗ್ಲಿಕ್ಕೆ ಜನ ಎಲ್ಲಿಂದ ತರುದು. ಆದ್ರೆ ಶಾಲೆಯ ಟೀಚರುಗಳಿಗೆ ಜನಗಣತಿ, ಎಲೆಕ್ಷನ್ನು, ಸರ್ವೆ ಅಂತ ಎಲ್ಲ ಕೆಲಸ ಕೊಡುವ ಸರ್ಕಾರಕ್ಕೆ ಇದೊಂದು ಆಗುದಿಲ್ಲ ಅಂದ್ರೆ ನಾನು ನಂಬುದಿಲ್ಲ.

ಇನ್ನು ಸೀಟು ಸಿಕ್ಕಿದ ಮೇಲೆ. ಎಸ್‌ಎನ್‌ಕ್ಯೂನಲ್ಲಿ ಮಾಫಿ ಆಗುದು ಟ್ಯೂಷನ್ ಫೀಸು ಮಾತ್ರ. ಬೇರೆ ಬೇರೆ ಹೆಸರಿನ ಫೀಸುಗಳು ಇದ್ದೇ ಇರ್ತವೆ, ಕಾರ್ಕಳದ ಹುಡುಗಿಗೆ ಮಂಗಳೂರಿನಲ್ಲಿ ಸೀಟು ಸಿಕ್ಕಿದ್ರೆ ದಿನಾ ಬಸ್ಸಿನಲ್ಲಿ ಹೋಗಿಬರ್ಬೇಕು ಇಲ್ಲ ಪೀಜಿ ಹುಡುಕ್ಬೇಕು, ಊಟ ಸೇರಿ ತಿಂಗಳಿಗೆ ಐದಾರು ಸಾವಿರಕ್ಕೆ ಕಮ್ಮಿ ಎಲ್ಲುಂಟು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತ ಸರ್ಕಾರದ ವಿದ್ಯಾಸಿರಿ ಯೋಜನೆ ಶುರುವಾದಾಗ ಕೊಟ್ಟದ್ದು ತಿಂಗಳಿಗೆ 1,500, ಅದೂ ಹತ್ತು ತಿಂಗಳು. ಹಿಂದುಳಿದ ವರ್ಗದವರ ಸರ್ಕಾರಿ ಬಿಸಿಎಂ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದವರು ಬಚಾವು. ಆಸ್ಟಿನ್‌ನವರೂ ಹೀಗೆಯೇ, 2025ರಿಂದ ಮನೆಯ ಆದಾಯ 1 ಲಕ್ಷ ಡಾಲರಿನವರೆಗೆ ಇದ್ರೆ ಟ್ಯೂಷನ್ ಫೀಸು ಇಲ್ಲ ಅಂತ ದೊಡ್ಡದಾಗಿ ಹೇಳಿದ್ರು, ರೂಮಿನ ಬಾಡಿಗೆ, ಊಟ ಅದರಲ್ಲಿ ಬರುದಿಲ್ಲ. ಊಟದವರೆಗೆ ಲೆಕ್ಕ ಹಾಕುದು ಹಾರ್ವರ್ಡ್, ಕ್ವೆಸ್ಟ್‌ಬ್ರಿಡ್ಜಿನವರು, ಆದ್ರೆ ಬೆರಳೆಣಿಕೆಯ ಮಕ್ಕಳಿಗೆ. ನಮ್ಮದು ತುಂಬ ಜನಕ್ಕೆ ಅರ್ಧರ್ಧ, ಅವರದ್ದು ನಾಲ್ಕು ಜನಕ್ಕೆ ಪೂರ್ತಿ. ಬಾಕಿದ್ದೆಲ್ಲ ನಮ್ಮಲ್ಲಿ ಮುಂಬೈಯ ಹೋಟೆಲಿನವರು, ಜಾತಿ ಸಂಘದವರು, ದೇವಸ್ಥಾನ ಚರ್ಚು ಮಸೀದಿಯವರು ಕೊಡುವ ಸ್ಕಾಲರ್‌ಶಿಪ್ಪಿನಲ್ಲಿ ನಡೀತದೆ. ಸಂಘ ಗಟ್ಟಿ ಇಲ್ಲದ ಜಾತಿಯ ಹುಡುಗ ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಕೇಳುದಿಲ್ಲ.

ನನ್ನನ್ನು ಕೇಳಿದ್ರೆ ತಮಿಳುನಾಡಿನವರು ಸರಿಯಾದ ಜಾಗಕ್ಕೆ ಕೈ ಹಾಕಿದ್ರು. 2020ರಲ್ಲಿ ಮೆಡಿಕಲ್ ಸೀಟಿನಲ್ಲಿ 7.5 ಪರ್ಸೆಂಟು ಸರ್ಕಾರಿ ಶಾಲೆಯ ಮಕ್ಕಳಿಗೆ ಅಂತ ಕಾನೂನು ಮಾಡಿದ್ರು, ಆರನೇ ಕ್ಲಾಸಿನಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರ್ಬೇಕು. ಮರುವರ್ಷ ಇಂಜಿನಿಯರಿಂಗಿಗೂ ತಂದ್ರು, ಆ ಮಕ್ಕಳ ಟ್ಯೂಷನ್ ಫೀಸು, ಹಾಸ್ಟೆಲ್ ಫೀಸು ಎರಡನ್ನೂ ಸರ್ಕಾರವೇ ಕಟ್ತದೆ ಅಂತ ಹೇಳಿದ್ರು. ಕೋರ್ಟಿಗೂ ಹೋಯ್ತು, 2022ರಲ್ಲಿ ಮದ್ರಾಸ್ ಹೈಕೋರ್ಟು ಎತ್ತಿಹಿಡಿಯಿತು. ನಮ್ಮಲ್ಲಿ ಗ್ರಾಮೀಣ ಕೋಟಾ 15 ಪರ್ಸೆಂಟು, ಕನ್ನಡ ಮೀಡಿಯಂ 5 ಪರ್ಸೆಂಟು ಉಂಟು ನಿಜ. ಆದ್ರೆ ಗ್ರಾಮೀಣಕ್ಕೆ ಕೇಳುದು ಒಂದರಿಂದ ಹತ್ತರವರೆಗೆ ಓದಿದ ಶಾಲೆ ಹಳ್ಳಿಯಲ್ಲಿತ್ತಾ ಅಂತ, ಆ ಶಾಲೆಯ ಫೀಸು ಎಷ್ಟು ಅಂತ ಅಲ್ಲ. ಪೇಟೆಯ ಗಡಿ ದಾಟಿ ಗುಡ್ಡದ ಮೇಲೆ ಕಟ್ಟಿದ ಎಸಿ ಬಸ್ಸಿನ ಇಂಗ್ಲಿಷ್ ಮೀಡಿಯಂ ಶಾಲೆಯೂ ಗ್ರಾಮೀಣವೇ. ಟೆಕ್ಸಾಸಿನ ಲೆಕ್ಕ ಮತ್ತೆ ತಮಿಳುನಾಡಿನ ಲೆಕ್ಕ ಎರಡನ್ನೂ ಸೇರಿಸಿ, ಪ್ರತಿ ಸರ್ಕಾರಿ ಪಿಯು ಕಾಲೇಜಿನ ಮೇಲಿನ ಇಷ್ಟು ಮಕ್ಕಳಿಗೆ ಸರ್ಕಾರಿ ಕೋಟಾದಲ್ಲೇ ಸೀಟು, ಜೊತೆಗೆ ಮೆಸ್ ಬಿಲ್ಲು ಅಂತ ಮಾಡಿದ್ರೆ ಎಂತ ತೊಂದ್ರೆ?

ಕಳೆದ ಸಲ ಊರಿಗೆ ಹೋದಾಗ ಇದನ್ನೇ ಭಾವನ ಹತ್ರ ಹೇಳಿದೆ, ಅವ್ರು ಪಿಯು ಲೆಕ್ಚರರು. ಕೈ ತೊಳೆದು ಬಂದು ಕೂತು ಹೇಳಿದ್ರು, "ನೀನು ಅಮೆರಿಕದಲ್ಲಿ ಕೂತು ಲೆಕ್ಕ ಹಾಕುದು ಸುಲಭ ಮಾರಾಯ, ಹಾಗೆ ಮಾಡಿದ್ರೆ ದುಡ್ಡಿದ್ದವರೆಲ್ಲ ಮಕ್ಕಳ ಟಿಸಿ ತಕ್ಕೊಂಡು ನಮ್ಮ ಕಾಲೇಜಿಗೆ ಬರ್ತಾರೆ, ಸಂಜೆ ಕೋಚಿಂಗಿಗೆ ಹೋಗ್ತಾರೆ." ಟೆಕ್ಸಾಸಿನಲ್ಲೂ ಹಾಗೆ ಶಾಲೆ ಬದಲಾಯಿಸಿದವರು ಇದ್ದಾರೆ ಅಂತ ನನಗೆ ಗೊತ್ತುಂಟು, ಅದಕ್ಕೇ ತಮಿಳುನಾಡಿನವರು ಆರನೇ ಕ್ಲಾಸಿನಿಂದ ಅಂತ ಹಾಕಿದ್ದು. ಮತ್ತೆ ಬಂದ್ರೆ ಬರ್ಲಿ ಅಲ್ವಾ ಭಾವ ಅಂದೆ, ದುಡ್ಡಿದ್ದವನ ಮಗ ಬಂದು ಕೂತ್ರೆ ನಿಮ್ಮ ಕಾಲೇಜಿನ ಫಿಸಿಕ್ಸ್ ಪೋಸ್ಟು ಜೂನಿನಲ್ಲೇ ತುಂಬ್ತದೆ. ಅದಕ್ಕೆ ಅವ್ರು ಏನೂ ಹೇಳ್ಲಿಲ್ಲ, ಅಕ್ಕನ ಹತ್ರ ಇನ್ನೊಂದು ಗ್ಲಾಸು ಚಾ ಕೇಳಿದ್ರು.