ಲೇಡೀಸ್‌ಗೆ ಇಷ್ಟೇ ಬರೋದು ಅಂದ್ರೆ ಹೇಗ್ರೀ?

ಈಗಷ್ಟೇ ದಾವಣಗೆರೆಯ ಮಂಡಿಪೇಟೆಯಿಂದ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಚಪ್ಪಲಿ ಅಂಗಡಿಯಲ್ಲಿ ನನ್ನ ಪಕ್ಕ ಒಬ್ಬ ಹುಡುಗಿ ಕೂತಿದ್ದಳು. ಸೀರೆ ಅಂಗಡಿಯಲ್ಲಿ ಕೆಲಸವಂತೆ, ಬೆಳಿಗ್ಗೆಯಿಂದ ರಾತ್ರಿ ಬಾಗಿಲು ಹಾಕುವವರೆಗೆ ನಿಂತೇ ಇರಬೇಕು. "ಅಣ್ಣಾ, ಹಿಮ್ಮಡಿ ಬಾಳ ನೋಯ್ತದೆ. ನಿಂತು ಕೆಲಸ ಮಾಡೋರಿಗೆ ಆಗೋ ಅಂಥದ್ದು ತೋರಿಸ್ರೀ" ಅಂದಳು. ಅವನು ತಂದಿಟ್ಟಿದ್ದು ಮುಂದೆ ಚೂಪಾಗಿ, ಮೇಲೊಂದು ಹೂವು ಅಂಟಿಸಿದ, ತೆಳ್ಳನೆ ಅಟ್ಟೆಯ ಬೆಲ್ಲಿ ಶೂ. ಕಾಲು ತೂರಿಸಿದಳು. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತು. ಹಿಮ್ಮಡಿಯ ಅಂಚಿನಲ್ಲಿ ಉದ್ದಕ್ಕೆ ಬಿರುಕು, ಒಳಗೆ ಕೆಂಪಗೆ ಕಾಣುತ್ತಿತ್ತು. "ಬಿಗಿ ಆಗ್ತದೆ ಅಣ್ಣಾ" ಅಂದರೆ, "ಹಾಕ್ಕೊಂಡು ಓಡಾಡಿದ್ರೆ ಸಡಿಲ ಆಗ್ತದೆ ಬಿಡಮ್ಮ, ಲೇಡೀಸ್‌ಗೆ ಇಷ್ಟೇ ಬರೋದು" ಅಂದ.

ಎದುರಿನ ಗೋಡೆ ತುಂಬಾ ಗಂಡಸರ ಶೂ. ದಪ್ಪ ಅಟ್ಟೆ, ಅಗಲ ಮೂತಿ, ಲೇಸು. "ಅದರಲ್ಲೇ ಸಣ್ಣ ನಂಬರ್ ತೆಗೀರಿ" ಅಂದೆ. "ಅದು ಜೆಂಟ್ಸ್‌ದು ಮೇಡಂ" ಅಂತ ನನಗೇ ಪಾಠ ಹೇಳಿದ. ಹುಡುಗಿ ಏನೂ ಕೊಳ್ಳದೆ ಹಳೇ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಲೇಡೀಸ್‌ಗೆ ಇಷ್ಟೇ ಬರೋದು ಅಂದರೆ ಏನರ್ಥ? ಈ ಊರಲ್ಲಿ ದಿನವಿಡೀ ನಿಂತು ದುಡಿಯುವ ಹೆಂಗಸರು ಕಮ್ಮಿ ಇದ್ದಾರಾ? ಬಟ್ಟೆ ಅಂಗಡಿ, ಆಸ್ಪತ್ರೆ, ಹೋಟೆಲಿನ ಅಡುಗೆಮನೆ, ಶಾಲೆ, ಎಲ್ಲಾ ಕಡೆ ಇದ್ದಾರೆ. ನಾನೂ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ನನ್ನ ಡ್ಯೂಟಿ ನಿಮಗೆಲ್ಲ ಗೊತ್ತೇ ಇದೆ. ವಾರ್ಡಿನಲ್ಲಿ ಸ್ಟಾಫ್ ನರ್ಸ್ ಕೂತರೆ ಅವತ್ತು ಏನೋ ವಿಶೇಷ ಅಂತ ಲೆಕ್ಕ. ನಮ್ಮಲ್ಲಿ ಕಾಲು ನೋವು ಅನ್ನದ ಸಿಸ್ಟರ್ ನಾನು ಕಂಡಿಲ್ಲ. ಆದರೂ ಶೂ ಕೊಳ್ಳಲು ಹೋದಾಗ ಮೊದಲು ಕೇಳೋದು "ಯಾವ ಕಲರ್ ಮೇಡಂ?"

ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಲ್ಲಿ ಮೊಳೆ ಹೊಡೆದ ಹಾಗೆ ಆಗುತ್ತೆ, ನಾಲ್ಕು ಹೆಜ್ಜೆ ನಡೆದರೆ ಸ್ವಲ್ಪ ತಗ್ಗುತ್ತೆ ಅಲ್ವಾ? ಸಾಮಾನ್ಯವಾಗಿ ಅದು ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಒಂದು ಗಟ್ಟಿ ಪಟ್ಟಿ ಇದೆ, ಪಾದದ ಕಮಾನನ್ನು ಹಿಡಿದಿಡೋದು ಅದು. ದಿನವಿಡೀ ಗಟ್ಟಿ ನೆಲದ ಮೇಲೆ ನಿಂತು ನಿಂತು ಅದು ಹಿಮ್ಮಡಿಗೆ ಅಂಟಿದ ಜಾಗದಲ್ಲಿ ನೋಯತೊಡಗುತ್ತದೆ. ವಯಸ್ಸಾಯಿತು, ತೂಕ ಜಾಸ್ತಿ ಆಯಿತು ಅಂತ ಮನೆಯವರು ಅಂದು ಸುಮ್ಮನಾಗುತ್ತಾರೆ. ಆ ಹುಡುಗಿಗೆ ಇಪ್ಪತ್ತೆರಡು ದಾಟಿರಲಿಕ್ಕಿಲ್ಲ.

ಬಿಗಿ ಶೂ ಸಡಿಲ ಆಗುತ್ತೆ ಅನ್ನೋ ಮಾತನ್ನಂತೂ ದಯವಿಟ್ಟು ನಂಬಬೇಡಿ. ಸಡಿಲ ಆಗುವ ಹೊತ್ತಿಗೆ ಬೊಬ್ಬೆ ಎದ್ದು, ಬೆರಳಿನ ಮೇಲೆ ಆಣಿ ಬಿದ್ದಿರುತ್ತೆ. ಹಾಕಿದ ಕೂಡಲೇ ಹಿತವಾಗಿರಬೇಕು, ಅಷ್ಟೇ. ಸಂಜೆ ಹೊತ್ತು ಹೋಗಿ ಕೊಳ್ಳಿ, ದಿನವೆಲ್ಲ ನಿಂತ ಕಾಲು ಸಂಜೆಗೆ ಊದಿರುತ್ತದೆ, ನಿಮಗೆ ಬೇಕಾದ ಅಳತೆ ಅದೇ. ಎರಡೂ ಕಾಲಿಗೆ ಹಾಕಿ ನಿಂತು ನೋಡಿ. ಎಷ್ಟೋ ಜನಕ್ಕೆ ಒಂದು ಪಾದ ಇನ್ನೊಂದಕ್ಕಿಂತ ತುಸು ದೊಡ್ಡದಿರುತ್ತೆ, ದೊಡ್ಡ ಪಾದಕ್ಕೆ ಸರಿಹೋಗುವ ನಂಬರ್ ತಗೊಳ್ಳಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬೇಕು. ಆಮೇಲೆ ಶೂ ಕೈಗೆತ್ತಿಕೊಂಡು ಹಿಮ್ಮಡಿಯ ಭಾಗ ಒತ್ತಿ ನೋಡಿ, ಮೆತ್ತಗೆ ಕುಸಿದರೆ ಬೇಡ. ಬಗ್ಗಿಸಿದರೆ ಬೆರಳಿನ ಬುಡದ ಹತ್ತಿರ ಬಗ್ಗಬೇಕು. ನಡುಮಧ್ಯೆ ಮಡಚಿಕೊಂಡರೆ ಅಥವಾ ಬಟ್ಟೆ ಹಿಂಡಿದ ಹಾಗೆ ತಿರುಚಲು ಬಂದರೆ ಅದು ನಿಮ್ಮ ಪಾದವನ್ನು ಹಿಡಿದಿಡುವುದಿಲ್ಲ. ಲೇಸೋ ಪಟ್ಟಿಯೋ ಇರಲಿ. ಇಲ್ಲದಿದ್ದರೆ ಶೂ ಜಾರದಂತೆ ಬೆರಳುಗಳೇ ಇಡೀ ದಿನ ಬಿಗಿಹಿಡಿದು ದಣಿಯುತ್ತವೆ. ಒತ್ತಿದರೆ ಹತ್ತಿಯಂತೆ ಒಳಗೆ ಹೋಗುವ ಮೆತ್ತನೆ ಶೂ ಅಂಗಡಿಯಲ್ಲಿ ಸುಖ ಅನಿಸುತ್ತೆ, ಮಧ್ಯಾಹ್ನ ದಾಟುವಷ್ಟರಲ್ಲಿ ಅದರ ಬಣ್ಣ ಬಯಲಾಗುತ್ತೆ.

ಇಷ್ಟೆಲ್ಲ ನೋಡಿದರೂ ಅಗಲ ಸಾಲದು. ಅದು ನಮ್ಮ ಕಾಲಿನ ತಪ್ಪಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಜಾಸ್ತಿ ಜನರ ಪಾದ ಅಳೆದರು. ಯುರೋಪಿನವರ, ಅಮೆರಿಕದವರ ಪಾದಕ್ಕಿಂತ ನಮ್ಮ ಪಾದ ಅಗಲ ಅಂತ ಗೊತ್ತಾಯಿತು. ನಮ್ಮದೇ ಅಳತೆ ಇರಲಿ ಅಂತ 'ಭ' ಎಂಬ ಹೆಸರೂ ಇಟ್ಟರು. ನಾವು ಇಷ್ಟು ವರ್ಷ ಮೆಟ್ಟಿದ್ದು ಬೇರೆಯವರ ಕಾಲಿನ ಅಳತೆ. ಇದನ್ನು ಓದಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ಗೊತ್ತು, ಈಗ ಯಾರಾದರೂ ಬಂದು ಹೇಳೇ ಹೇಳ್ತೀರಿ. ನಮ್ಮಜ್ಜಿ ಬರಿಗಾಲಲ್ಲೇ ಹೊಲ ಉತ್ತರು, ಅವರಿಗೆಲ್ಲಿತ್ತು ಈ ಶೂ ಅಂತ. ನನ್ನಜ್ಜಿಯೂ ಹರಿಹರದ ಕಡೆ ಗದ್ದೆಯಲ್ಲಿ ನಾಟಿ ಮಾಡಿದವಳೇ. ಗದ್ದೆಯ ಮಣ್ಣು ಪಾದಕ್ಕೆ ಬಗ್ಗುತ್ತದೆ, ಗ್ರಾನೈಟ್ ಬಗ್ಗುತ್ತಾ? ಅಜ್ಜಿ ಹೆಜ್ಜೆ ಹಾಕುತ್ತಿದ್ದಳು, ಬೇಕೆಂದಾಗ ಬದುವಿನ ಮೇಲೆ ಕೂರುತ್ತಿದ್ದಳು. ನಡೆಯುವಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ. ಒಂದೇ ಕಡೆ ನಿಂತರೆ ಆ ಕೆಲಸ ಆಗದೆ ರಕ್ತ ಕಾಲಲ್ಲೇ ನಿಲ್ಲುತ್ತದೆ, ಪಾದ ಊದುತ್ತದೆ. ಅಜ್ಜಿಯ ಹಿಮ್ಮಡಿಯೂ ಒಡೆದಿತ್ತು, ಅವಳೂ ನರಳುತ್ತಿದ್ದಳು. ಅವಳು ಬಾಯಿ ಬಿಟ್ಟು ಹೇಳಲಿಲ್ಲ ಅಂತ ನೋವೇ ಇರಲಿಲ್ಲ ಅನ್ನಬೇಡಿ.

ದುಡ್ಡಿನ ಮಾತಿಗೂ ಬರ್ತೀನಿ. ಎರಡು ಸಾವಿರ ಕೊಟ್ಟು ಶೂ ಯಾರಿಗೆ ಬೇಕು ಅಂತೀರಿ. ಮದುವೆಗೆ ಒಂದೇ ದಿನ ಉಡುವ ಸೀರೆಗೆ ಅದರ ಎಷ್ಟೋ ಪಟ್ಟು ಕೊಡ್ತೀವಿ, ಯಾರೂ ಕೇಳಲ್ಲ. ಹೆಣ್ಣುಮಕ್ಕಳು ತಮ್ಮ ಕಾಲಿಗೆ ಅಂತ ಖರ್ಚು ಮಾಡಿದರೆ ಮಾತ್ರ ಅದು ದುಂದು. ನಿಜವಾಗಿ ಕೈಯಲ್ಲಿ ದುಡ್ಡಿಲ್ಲದವರ ಕಷ್ಟ ನನಗೆ ಗೊತ್ತು, ಅದಕ್ಕೇ ಆ ಶೂ ಕೊಡಿಸಬೇಕಾದವರು ನಿಲ್ಲಿಸಿ ಕೆಲಸ ತಗೊಳ್ಳುವ ಮಾಲೀಕರು ಅಂತ ನಾನು ಹೇಳೋದು.

ಶೂ ಕೊಡಿಸೋದು ದೂರದ ಮಾತು, ಒಂದು ಸ್ಟೂಲು ಕೊಡ್ರೀ. ಗಿರಾಕಿ ಇಲ್ಲದ ಹೊತ್ತಲ್ಲೂ ಹುಡುಗಿಯರು ಕೂರಬಾರದು ಅನ್ನೋದು ಯಾವ ನ್ಯಾಯ? ನಮ್ಮದು ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು. ನಿಂತೇ ಕೆಲಸ ಮಾಡುವ ಕಾರ್ಮಿಕರಿಗೆ ಕೂರಲು ವ್ಯವಸ್ಥೆ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿದ್ದರು. ಕೋಝಿಕ್ಕೋಡಿನಲ್ಲಿ ಟೈಲರ್ ಪಿ. ವಿಜಿ ಅವರ ಜೊತೆ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. 2018ರಲ್ಲಿ ಕೇರಳದಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಸಿಕ್ಕಿತು. 2021ರಲ್ಲಿ ತಮಿಳುನಾಡೂ ಕಾನೂನು ತಂದಿತು. ಕೂರೋಕೆ ಕಾನೂನು ಬೇಕಾಯಿತು ಅನ್ನೋದೇ ಬೇಜಾರು, ಆದರೂ ಆ ಹೆಣ್ಣುಮಕ್ಕಳಿಗೆ ಕೈ ಮುಗೀತೀನಿ.

ಶುಗರ್ ಇರುವವರಿಗೆ ಬೇರೆಯಾಗಿಯೇ ಹೇಳಬೇಕು. ಪಾದದ ಸ್ಪರ್ಶ ಕಮ್ಮಿಯಾದವರಿಗೆ ಶೂ ಕಚ್ಚಿದ್ದು ಗೊತ್ತೇ ಆಗಲ್ಲ. ಗಾಯ ದೊಡ್ಡದಾದ ಮೇಲೆ ವಾರ್ಡಿಗೆ ಬರುತ್ತಾರೆ. ಅವರು ರಾತ್ರಿ ಮಲಗುವ ಮೊದಲು ಅಂಗಾಲು ನೋಡಿಕೊಳ್ಳಲಿ, ಎಂಸಿಆರ್ ಚಪ್ಪಲಿ (ಮೈಕ್ರೋ ಸೆಲ್ಯುಲಾರ್ ರಬ್ಬರ್ ಅನ್ನೋ ಮೆತ್ತನೆ ರಬ್ಬರಿನದು) ಬೇಕಾ ಅಂತ ಡಾಕ್ಟರನ್ನು ಕೇಳಲಿ.

ಇನ್ನು ಮಗಳನ್ನು ನರ್ಸಿಂಗ್‌ಗೆ ಸೇರಿಸುತ್ತಿರುವವರು ನನ್ನ ಗೆಳೆಯರಲ್ಲೇ ಇದ್ದೀರಿ. ಕಾಲೇಜಿನವರು ಬಿಳಿ ಶೂ ಅಂತ ಪಟ್ಟಿ ಕೊಡ್ತಾರೆ, ನೀವು ಬಕೆಟ್ಟು, ಹಾಸಿಗೆ ಕೊಳ್ಳುವ ಗಡಿಬಿಡಿಯಲ್ಲಿ ಕೈಗೆ ಸಿಕ್ಕ ಬಿಳೀದು ಹಿಡ್ಕೊಂಡು ಬರ್ತೀರಿ. ಹಾಗೆ ಮಾಡಬೇಡಿ. ವಾರ್ಡ್ ಡ್ಯೂಟಿ ಶುರುವಾದ ವಾರದಲ್ಲೇ ಆ ಮಕ್ಕಳು ಬಾತ್‌ರೂಮಿನಲ್ಲಿ ಕೂತು ಬೊಬ್ಬೆಗೆ ಪ್ಲಾಸ್ಟರ್ ಅಂಟಿಸಿಕೊಳ್ಳೋದನ್ನ ನೋಡಿದ್ದೀನಿ. ಮಗಳನ್ನು ಸಂಜೆ ಕರ್ಕೊಂಡು ಹೋಗಿ, ಅವಳು ಡ್ಯೂಟಿಗೆ ಹಾಕುವ ಸಾಕ್ಸೇ ಹಾಕಿಸಿ ನೋಡಿ. ಹೆಂಗಸರ ಸಾಲಿನಲ್ಲಿ ಸಿಗದಿದ್ದರೆ ಗಂಡಸರ ಗೋಡೆಯಿಂದಲೇ ಇಳಿಸಲು ಹೇಳಿ. ಅಂಗಡಿಯವರು ಮುಖ ಸಿಂಡರಿಸಿದರೂ ಎದ್ದು ಬರಬೇಡಿ.